ಟ್ರೆಮೊಲೊದ ಟಿಕ್ ಟಿಕ್ ನಿಲ್ಲಿಸಲು ಕರೆಂಟಿನ ದಾರಿ ಬೇರೆ ಮಾಡಿ

ಮನೆಯಲ್ಲೇ ಕಟ್ಟಿದ ಟ್ರೆಮೊಲೊ ಪೆಡಲ್ (ಗಿಟಾರಿನ ಸದ್ದನ್ನು ಒಂದೇ ಲಯದಲ್ಲಿ ಏರಿಳಿಸುವ ಪೆಟ್ಟಿಗೆ) ಆನ್ ಮಾಡಿ ಗಿಟಾರಿನ ವಾಲ್ಯೂಮ್ ಸೊನ್ನೆಗಿಳಿಸಿ. ಆಗಲೂ ಹಲ್ಲಿ ಲೊಚಗುಟ್ಟುವಂಥ ಟಿಕ್ ಟಿಕ್ ಸದ್ದು ಬರುತ್ತಿದೆಯೇ, ಸ್ಪೀಡ್ ನಾಬ್ ತಿರುಗಿಸಿದಂತೆ ಅದರ ವೇಗವೂ ಬದಲಾಗುತ್ತಿದೆಯೇ? ಹಾಗಿದ್ದರೆ ಅದು ಎಲ್‌ಎಫ್‌ಒದಿಂದ, ಅಂದರೆ ಸದ್ದಿನ ಏರಿಳಿತಕ್ಕೆ ನಿಧಾನದ ಅಲೆ ಹುಟ್ಟಿಸುವ ಸರ್ಕ್ಯೂಟಿನಿಂದ, ಸೋರುತ್ತಿದೆ. ಆಡಿಯೋ ದಾರಿಗೆ ಕೆಪಾಸಿಟರ್ ಹಾಕಿ ಟ್ರೆಬಲ್ ಕತ್ತರಿಸಬೇಡಿ. ಗಿಟಾರಿನ ಹೊಳಪು ಹೋಗುತ್ತದೆ, ಟಿಕ್ ಉಳಿಯುತ್ತದೆ.

ಎಲ್‌ಎಫ್‌ಒದಲ್ಲಿ ಸಾಮಾನ್ಯವಾಗಿ ಒಂದು ಆಪ್‌ಆಂಪ್ (ಐಸಿ ಚಿಪ್ಪಿನೊಳಗಿನ ಆಂಪ್ಲಿಫೈಯರ್) ತ್ರಿಕೋನ ಅಲೆ ಕೊಡುತ್ತದೆ, ಇನ್ನೊಂದು ಚೌಕ ಅಲೆ. ತ್ರಿಕೋನದ್ದು ಸಾಧು. ಚೌಕದ್ದು ಜಿಗಿಯುವ ಕ್ಷಣದಲ್ಲಿ ಸಪ್ಲೈಯಿಂದ ಗಬಕ್ಕನೆ ಕರೆಂಟ್ ಎಳೆಯುತ್ತದೆ. ಆಡಿಯೋ ಭಾಗವೂ ಅದೇ ತಂತಿಯನ್ನು ನೆಚ್ಚಿಕೊಂಡಿದ್ದರೆ ಆ ಎಳೆತ ಸ್ಪೀಕರಿನಲ್ಲಿ ಕೇಳುತ್ತದೆ. ಖಾತ್ರಿ ಮಾಡಿಕೊಳ್ಳಲು ಎಲ್‌ಎಫ್‌ಒಗೆ ಮಾತ್ರ ಬೇರೆ 9 ವೋಲ್ಟ್ ಬ್ಯಾಟರಿ ಕೊಟ್ಟು, ಗ್ರೌಂಡ್ ಎರಡನ್ನೂ ಜೋಡಿಸಿ. ಟಿಕ್ ನಿಂತರೆ ದೋಷ ಸಪ್ಲೈಯದ್ದು.

ಮದ್ದು ಸರಳ. ಎಲ್‌ಎಫ್‌ಒದ ಪ್ಲಸ್ ತಂತಿಗೆ ಸರಣಿಯಲ್ಲಿ 100 ಓಮ್ ರೆಸಿಸ್ಟರ್, ಅದರಾಚೆ ಐಸಿಯ ಪ್ಲಸ್ ಪಿನ್‌ಗೆ ತಾಗಿದಂತೆ ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್. ಸುಮಾರು 16 ಹರ್ಟ್ಜ್‌ಗಿಂತ ಮೇಲಿನದ್ದೆಲ್ಲ ಅಲ್ಲೇ ತಗ್ಗುತ್ತದೆ. ಎಲ್‌ಇಡಿ ಸೇರಿ 5 ಮಿಲಿಆಂಪ್ ಎಳೆದರೂ ನಷ್ಟ ಅರ್ಧ ವೋಲ್ಟ್ ಮಾತ್ರ. ಎಲ್‌ಎಫ್‌ಒ ಮತ್ತು ಎಲ್‌ಇಡಿಯ ಗ್ರೌಂಡ್ ತಂತಿಯನ್ನು ಪ್ರತ್ಯೇಕವಾಗಿ ನೇರ ಪವರ್ ಜ್ಯಾಕಿಗೆ ಒಯ್ಯಿರಿ. ಹೆಚ್ಚಿನವರು ಮರೆಯುವುದು ಅರ್ಧ ವೋಲ್ಟೇಜಿನ ಬಯಾಸ್, ಅಂದರೆ ಆಪ್‌ಆಂಪ್‌ಗಳಿಗೆ ಆಧಾರವಾಗಿ ಕೊಡುವ ಸಪ್ಲೈಯ ಅರ್ಧದಷ್ಟು ವೋಲ್ಟೇಜ್: ಎರಡೂ ಭಾಗಕ್ಕೆ ಒಂದೇ ಇದ್ದರೆ ಮೇಲಿನ ಶ್ರಮವೆಲ್ಲ ನೀರಲ್ಲಿ ಹೋಮ. ಎಲ್‌ಎಫ್‌ಒಗೆ ಇನ್ನೊಂದು ಜೋಡಿ 10 ಕಿಲೋಓಮ್ ರೆಸಿಸ್ಟರ್, ಒಂದು 47 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ಬಯಾಸನ್ನು ಬೇರೆಯಾಗಿಯೇ ಕಟ್ಟಿ.

ಎಲ್‌ಎಫ್‌ಒದಲ್ಲಿ ಟಿಎಲ್072 ಎಂಬ ಆಪ್‌ಆಂಪ್ ಐಸಿ ಇದ್ದರೆ ಟಿಎಲ್062 ಹಾಕಿ. ಪಿನ್‌ಗಳು ಒಂದೇ. ಪ್ರತಿ ಆಪ್‌ಆಂಪ್‌ಗೆ 1.4 ಮಿಲಿಆಂಪ್ ಇದ್ದದ್ದು 0.2ಕ್ಕೆ ಇಳಿಯುತ್ತದೆ, ಜಿಗಿತವೂ ನಿಧಾನವಾಗುತ್ತದೆ. ಎಲ್‌ಇಡಿಯನ್ನು ಚೌಕ ಅಲೆಯಿಂದಲೇ ಓಡಿಸುವವರು ಅದನ್ನು ಓಡಿಸುವ ಟ್ರಾನ್ಸಿಸ್ಟರಿನ ಮುಂದೆ ಸರಣಿಯಲ್ಲಿ 10 ಕಿಲೋಓಮ್, ಗ್ರೌಂಡಿಗೆ 1 ಮೈಕ್ರೋಫ್ಯಾರಡ್ ಹಾಕಿ ಅಲೆಯ ಅಂಚು ದುಂಡಗಾಗಿಸಿ.

ಇಷ್ಟಾದರೂ ಉಳಿದರೆ ತಂತಿಗಳನ್ನು ನೋಡಿ. ಪೆಡಲ್ ಓಡುತ್ತಿರುವಾಗ ಒಣಗಿದ ತೆಂಗಿನಗರಿಯ ಕಡ್ಡಿಯಿಂದ ಸ್ಪೀಡ್, ಡೆಪ್ತ್ ಪಾಟ್‌ಗಳ (ನಾಬ್‌ಗಳ ಕೆಳಗಿನ ತಿರುಗುವ ರೆಸಿಸ್ಟರ್‌ಗಳ) ತಂತಿಗಳನ್ನು ಒಂದೊಂದಾಗಿ ಸರಿಸಿ. ಯಾವುದನ್ನು ಸರಿಸಿದಾಗ ಸದ್ದು ಏರಿಳಿಯುತ್ತದೋ ಅದೇ ಕಳ್ಳ. ಇನ್‌ಪುಟ್ ತಂತಿಗೆ ಶೀಲ್ಡ್ ಕೇಬಲ್ ಬಳಸಿ, ಶೀಲ್ಡನ್ನು ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿ.

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ, ಶಿರಸಿಯ ಮಳೆಗಾಲದಲ್ಲೂ, ಎರಡು ಕಾರಣ ಹೆಚ್ಚುವರಿ. ಬೆಸುಗೆಗೆ ಬಳಸುವ ಅಂಟಿನಂಥ ಫ್ಲಕ್ಸ್ ಬೋರ್ಡಿನ ಮೇಲೆ ಉಳಿದರೆ ತೇವ ಹೀರಿ ಕರೆಂಟ್ ಸೋರಿಸುತ್ತದೆ. 1 ಮೆಗಾಓಮ್ ಇನ್‌ಪುಟ್‌ಗೆ ಅಷ್ಟು ಸೋರಿಕೆಯೂ ಸಾಕು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹಳೆ ಹಲ್ಲುಜ್ಜುವ ಬ್ರಷ್ ಅದ್ದಿ ತಿಕ್ಕಿ, ಪೂರ್ತಿ ಒಣಗಿಸಿ. ಇನ್ನು ಕರೆಂಟ್ ಹೋದಾಗ ಬ್ಯಾಟರಿ ಹಾಕಿಕೊಂಡು ನುಡಿಸುತ್ತಿದ್ದರೆ, ಬ್ಯಾಟರಿ ಸೊರಗಿದಂತೆ ಅದರ ಒಳ ರೆಸಿಸ್ಟೆನ್ಸ್ ಏರಿ ಟಿಕ್ ಮತ್ತೆ ಮರಳುತ್ತದೆ. ಬೋರ್ಡ್ ಬಿಚ್ಚುವ ಮೊದಲು ಹೊಸ ಬ್ಯಾಟರಿ ಹಾಕಿ ಕೇಳಿ.