ಜೋಳ ಅರ್ಧಕ್ಕೆ ಇಳಿದರೂ ಉಬ್ಬಿದ ರೊಟ್ಟಿ

ಕಾರ್ಬೋಹೈಡ್ರೇಟ್ ತಗ್ಗಿಸಿದ ಹಿಟ್ಟಿನ ರೊಟ್ಟಿ ಈ ವಾರ ಹಂಚಿನ ಮೇಲೆ ಮೊದಲ ಬಾರಿಗೆ ಪೂರ್ತಿಯಾಗಿ ಉಬ್ಬಿತು. ಬಡಿಯುವಾಗ ಅಂಚು ಸೀಳಲಿಲ್ಲ, ಎತ್ತುವಾಗ ಮುರಿಯಲಿಲ್ಲ, ಪುಂಡಿಪಲ್ಯೆಯನ್ನು ಮಡಚಿ ಹಿಡಿಯುವಷ್ಟು ಮೆತ್ತಗೂ ಇತ್ತು. ಹಿಟ್ಟು ಸೋಸುವುದು, ಎಸರು ಇಡುವುದು, ನೀರು ಸವರಿ ತಿರುವುವುದು ಮೊದಲಾದವನ್ನು ಕಲಬುರಗಿ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಅವನ್ನೆಲ್ಲ ಬಿಟ್ಟು, ಇಷ್ಟು ದಿನ ಕಾಡಿದ ಜಿಗಿಯ, ಅಂದರೆ ಹಿಟ್ಟಿನ ಅಂಟಿನ, ತೊಡಕನ್ನು ಮಾತ್ರ ಬರೆಯುತ್ತೇನೆ.

ನೂರು ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ನಮ್ಮ ಮನೆಯ ಒಂದು ರೊಟ್ಟಿಗೆ 45 ಗ್ರಾಂ ಹಿಟ್ಟು ಹಿಡಿಯುವುದರಿಂದ, ಮೂರು ರೊಟ್ಟಿ ಉಂಡರೆ ತೊಂಬತ್ತು ಗ್ರಾಂ ದಾಟುತ್ತದೆ. ಜೊತೆಗಿರುವ ತೊಗರಿಬೇಳೆಯೂ ಈ ವಿಷಯದಲ್ಲಿ ಸಂಭಾವಿತವಲ್ಲ. 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ನಮ್ಮ ಹೆಮ್ಮೆಯ ತೊಗರಿಯಲ್ಲಿಯೂ ಪ್ರೋಟೀನಿನ ಎರಡು ಪಟ್ಟಿಗಿಂತ ಹೆಚ್ಚು ಕಾರ್ಬೋಹೈಡ್ರೇಟ್ ಇದೆ. ಮೊಟ್ಟೆ, ಮಾಂಸ ಮುಟ್ಟದ ಮನೆಯಲ್ಲಿ ಕಾರ್ಬೋಹೈಡ್ರೇಟ್ ತಗ್ಗಿಸುವ ಆಹಾರಕ್ರಮ ಎಡವುವುದು ಇಲ್ಲಿಯೇ: ರೊಟ್ಟಿ ಬಿಟ್ಟರೆ ತಟ್ಟೆಯಲ್ಲಿ ಉಳಿಯುವುದು ಬದನೆಕಾಯಿ ಎಣ್ಣೆಗಾಯಿ ಮತ್ತು ನಿಟ್ಟುಸಿರು.

ಗೋಧಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಪ್ರೋಟೀನು ಜೋಳದಲ್ಲಿ ಇಲ್ಲ. ಕುದಿಯುವ ಎಸರು ಬಿದ್ದಾಗ ಅದರ ಪಿಷ್ಟ, ಅಂದರೆ ಅದರ ಕಾರ್ಬೋಹೈಡ್ರೇಟಿನ ಬಹುಪಾಲು, ನೀರು ಕುಡಿದು ಅಂಟಾಗುತ್ತದೆ, ಆ ಅಂಟೇ ನಾವು ಹೇಳುವ ಜಿಗಿ. ಉಗಿಯನ್ನು ಒಳಗೆ ಹಿಡಿದಿಟ್ಟು ರೊಟ್ಟಿಯನ್ನು ಉಬ್ಬಿಸುವ ಪದರವೂ ಅದರಿಂದಲೇ ಆಗುತ್ತದೆ. ಹೀಗಾಗಿ ನಾವು ತೆಗೆಯಹೊರಟಿರುವುದು ರೊಟ್ಟಿಯನ್ನು ಹಿಡಿದು ನಿಲ್ಲಿಸಿರುವ ವಸ್ತುವನ್ನೇ. ಜೋಳವನ್ನು ಪೂರ್ತಿ ಬಿಟ್ಟು ಶೇಂಗಾ, ಅಗಸಿ ಮತ್ತು ಇಸಬ್ಗೋಲ್‌ನಿಂದ ಮಾಡಿದವುಗಳ ಹೊರಮೈ ಬೇಗ ಕರಿದಾಯಿತು, ಒಳಗೆ ಲೋಳೆ ಹಸಿಯಾಗಿಯೇ ಉಳಿಯಿತು, ಉಗಿ ಬಿರುಕುಗಳಲ್ಲಿ ಹಾರಿಹೋಯಿತು. ಅವ್ವ ಒಂದು ತುಣುಕು ಬಾಯಿಗಿಟ್ಟು, "ಇದು ದನಕ್ಕ ಹಾಕೋ ಹಿಂಡಿ ಆಗ್ಯಾದ ನೋಡಪ" ಎಂದಳು. ಎಣ್ಣೆ ತೆಗೆದ ಶೇಂಗಾ ಹಿಂಡಿಯನ್ನೇ ಬೀಸಿದ ಹಿಟ್ಟು ಅದಾಗಿದ್ದುದರಿಂದ ವಾದಿಸಲು ನನಗೆ ಜಾಗವಿರಲಿಲ್ಲ.

ಈ ನಡುವೆ ಆನ್‌ಲೈನ್‌ನಲ್ಲಿ ತರಿಸಿದ, ಕಾರ್ಬೋಹೈಡ್ರೇಟನ್ನು ತೀರ ತಗ್ಗಿಸುವ ಕೀಟೊ ಆಹಾರಕ್ರಮದವರಿಗೆಂದು ಮಾರುವ 'ಕೀಟೊ ಹಿಟ್ಟು' ಮಾತ್ರ ಅನುಮಾನ ಬರುವಷ್ಟು ಚೆನ್ನಾಗಿ ಬಡಿಸಿಕೊಂಡಿತು. ಮೂರು ಬಟ್ಟಲುಗಳಲ್ಲಿ ಆ ಹಿಟ್ಟು, ಮೈದಾ ಮತ್ತು ನನ್ನ ಶೇಂಗಾ ಹಿಟ್ಟನ್ನು ನೀರಿನಲ್ಲಿ ಕುದಿಸಿ, ಆರಿದ ಮೇಲೆ ಪಿಷ್ಟವಿದ್ದರೆ ಕಡುನೀಲಿ ತೋರಿಸುವ ಟಿಂಚರ್ ಅಯೋಡಿನ್ ಒಂದೊಂದು ಹನಿ ಹಾಕಿದೆ. ಶೇಂಗಾದಲ್ಲಿಯೂ ತುಸು ಪಿಷ್ಟವಿರುವುದರಿಂದ ಅದು ಮಸುಕಾಗಿ ಬಣ್ಣ ತಿರುಗಿತು, ಮೈದಾ ಕಡುನೀಲಿಯಾಯಿತು, ಕಿಲೋ ಬಾದಾಮಿಗಿಂತ ದುಬಾರಿಯಾದ ಆ ಹಿಟ್ಟೂ ಮೈದಾದಷ್ಟೇ ಕಡುನೀಲಿಯಾಯಿತು. ಮಾರಿದವರು ಇದಕ್ಕೆ ಇಂದಿನವರೆಗೂ ನೇರವಾಗಿ ಉತ್ತರಿಸಿಲ್ಲ. ಹಣ ಮರಳಿಸುವ ಬದಲು ಮುಂದಿನ ಖರೀದಿಗೆ ರಿಯಾಯಿತಿ ಚೀಟಿ ಕಳುಹಿಸಿದ್ದಾರೆ. ಶೇಂಗಾ ಹಿಂಡಿಯನ್ನು ಕಂಡಕಂಡಲ್ಲಿ ಕೊಳ್ಳುವುದೂ ಸಲ್ಲದು. ಬೂಸಲು ಹಿಡಿದ ಕಾಳಿನ ಅಫ್ಲಾಟಾಕ್ಸಿನ್ ಎಂಬ ವಿಷ ಎಣ್ಣೆಗಿಂತ ಹಿಂಡಿಯಲ್ಲಿಯೇ ಹೆಚ್ಚು ಉಳಿಯುತ್ತದೆ, ಹಂಚಿನ ಕಾವಿಗೆ ಅದು ನಾಶವಾಗುವುದೂ ಇಲ್ಲ. ಕಾಳನ್ನು ನಾವೇ ಆರಿಸಿ ಗಾಣಕ್ಕೆ ಕೊಡಬೇಕು, ಗಾಣದವರ "ನಾಳೆ ಬರ್ರಿ" ಎಂಬುದನ್ನೂ ತಾಳಿಕೊಳ್ಳಬೇಕು.

ಗೆಲುವು ಬಂದದ್ದು ಅಳತೆಯಿಂದಲ್ಲ, ಬೆರೆಸುವ ಕ್ರಮದಿಂದ. ಎಲ್ಲ ಹಿಟ್ಟನ್ನು ಒಟ್ಟಿಗೆ ಹಾಕಿ ಎಸರು ಹೊಯ್ದಾಗ ಅಗಸಿ ಮತ್ತು ಇಸಬ್ಗೋಲ್ ಮೊದಲೇ ನೀರನ್ನು ಹೀರಿಕೊಳ್ಳುತ್ತವೆ, ಜೋಳದ ಪಿಷ್ಟಕ್ಕೆ ಬೇಯಲು ನೀರು ಸಾಲುವುದಿಲ್ಲ. ಆದ್ದರಿಂದ ಈಗ ರೊಟ್ಟಿಯೊಂದಕ್ಕೆ 25 ಗ್ರಾಂ ಮಾಲದಂಡಿ ತಳಿಯ ಜೋಳದ ಹೊಸ ಹಿಟ್ಟನ್ನು ಮಾತ್ರ ಕುದಿಯುವ ಎಸರಿನಲ್ಲಿ ಕಲಸಿ, ಮುಚ್ಚಿಟ್ಟು, ಕೈ ತಾಳುವಷ್ಟು ಆರಿದ ಮೇಲೆ 12 ಗ್ರಾಂ ಶೇಂಗಾ ಹಿಟ್ಟು, 6 ಗ್ರಾಂ ಅಗಸಿ ಪುಡಿ ಹಾಗೂ ನುಣ್ಣಗೆ ಬೀಸಿದ 2 ಗ್ರಾಂ ಇಸಬ್ಗೋಲ್ ಸೇರಿಸಿ, ತಣ್ಣೀರು ಚಿಮುಕಿಸಿ ನಾದುತ್ತೇನೆ. ಬೀಸಿ ಬಹಳ ದಿನವಾದ ಹಿಟ್ಟಿನಿಂದ ಇದು ಸಾಧ್ಯವಿಲ್ಲ. ಉರಿಯನ್ನು ಎಂದಿಗಿಂತ ಸಣ್ಣದಾಗಿ ಇಡಬೇಕು.

ಇಷ್ಟೆಲ್ಲ ಹೆಣಗಿದ ಮೇಲೆ ರೊಟ್ಟಿಯ ಕಾರ್ಬೋಹೈಡ್ರೇಟ್ ಮೂವತ್ತರಿಂದ ಸುಮಾರು ಇಪ್ಪತ್ತು ಗ್ರಾಮಿಗೆ ಇಳಿಯಿತು, ಪ್ರೋಟೀನು ಹೆಚ್ಚುಕಡಿಮೆ ಎರಡರಷ್ಟಾಯಿತು. ಕೀಟೊ ಪಂಥದವರು ಇದನ್ನು ಕಂಡು ನಗಬಹುದು. ಆದರೆ ಎರಡೇ ರೊಟ್ಟಿಗೆ ಹೊಟ್ಟೆ ತುಂಬುವುದರಿಂದ ಊಟದ ಲೆಕ್ಕ ತೊಂಬತ್ತರಿಂದ ನಲವತ್ತಕ್ಕೆ ಬರುತ್ತದೆ, ನನಗೆ ಬೇಕಾಗಿದ್ದುದೂ ಅಷ್ಟೇ. ಕಾರ್ಬೋಹೈಡ್ರೇಟ್ ತಗ್ಗಿದರೆ ಊಟದ ನಂತರದ ಸಕ್ಕರೆಯ ಏರಿಕೆ ಮತ್ತು ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬು ತಗ್ಗುತ್ತವೆ ಎಂಬ ಲಾಭವನ್ನು ನಾನು ಒಪ್ಪುತ್ತೇನೆ. ತೂಕದ ವಿಷಯದಲ್ಲಿ ಮಾತ್ರ ಮೊದಲ ವಾರದ ಸಂಭ್ರಮವನ್ನು ನಂಬುವುದಿಲ್ಲ, ಏಕೆಂದರೆ ದೇಹ ಕೂಡಿಟ್ಟುಕೊಂಡ ಸಕ್ಕರೆಯ ದಾಸ್ತಾನಾದ ಗ್ಲೈಕೋಜನ್ ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿರುತ್ತದೆ, ಆ ದಾಸ್ತಾನು ಕರಗಿದಾಗ ಮೊದಲು ಇಳಿಯುವುದು ಬಹುಪಾಲು ಆ ನೀರೇ. 609 ಜನರ ಮೇಲೆ ಹನ್ನೆರಡು ತಿಂಗಳು ನಡೆದು 2018ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್‌ನ ಪ್ರಯೋಗದಲ್ಲಿ, ಕೊಬ್ಬು ತಗ್ಗಿಸಿದವರಿಗೂ ಕಾರ್ಬೋಹೈಡ್ರೇಟ್ ತಗ್ಗಿಸಿದವರಿಗೂ ತೂಕದ ಇಳಿಕೆಯಲ್ಲಿ ಗಣನೀಯ ಅಂತರ ಕಾಣಲಿಲ್ಲ.

ಕೆಡುಕಿನ ಕಡೆ ನಮ್ಮ ಊರಿನ ಬಿಸಿಲನ್ನೂ ಸೇರಿಸಬೇಕು. ಕಾರ್ಬೋಹೈಡ್ರೇಟ್ ತೀರ ತಗ್ಗಿದಾಗ ಇನ್ಸುಲಿನ್ ಇಳಿದು ಮೂತ್ರಪಿಂಡಗಳು ಉಪ್ಪು ಮತ್ತು ನೀರನ್ನು ಹೆಚ್ಚಾಗಿ ಹೊರಹಾಕುತ್ತವೆ. ನಲವತ್ತು ಡಿಗ್ರಿ ದಾಟುವ ಏಪ್ರಿಲ್‌ನಲ್ಲಿ ಇದನ್ನು ಆರಂಭಿಸಿದವರಿಗೆ ತಲೆಸುತ್ತು ಬಂದರೆ ಆಶ್ಚರ್ಯವಿಲ್ಲ. ತುಪ್ಪ, ಬೆಣ್ಣೆಗೆ ತಿರುಗಿದ ಕೆಲವರಲ್ಲಿ ಕೆಟ್ಟ ಕೊಲೆಸ್ಟೆರಾಲ್ ಎನ್ನುವ ಎಲ್‌ಡಿಎಲ್ ಏರುತ್ತದೆ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್‌ನಂತಹ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಪ್ರಮಾಣ ಬದಲಿಸದೆ ರೊಟ್ಟಿ ಬಿಟ್ಟರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಡಪಾಗ್ಲಿಫ್ಲೋಜಿನ್ ವರ್ಗದ ಮಾತ್ರೆಯವರಿಗೆ ಸಕ್ಕರೆ ಹೆಚ್ಚದಿದ್ದರೂ ರಕ್ತ ಆಮ್ಲೀಯವಾಗುವ ಕೀಟೊಆಸಿಡೋಸಿಸ್ ಆಗುವ ಭಯವಿದೆ. ಅಪ್ಪನ ಔಷಧದ ಡಬ್ಬಿಯಲ್ಲಿ ಎರಡೂ ಇರುವುದರಿಂದ, ವೈದ್ಯರು ಹೇಳುವವರೆಗೆ ಅವರ ತಟ್ಟೆಗೆ ಹಳೆಯ ರೊಟ್ಟಿಯೇ ಬೀಳುತ್ತದೆ.

ಈ ಗದ್ದಲದಲ್ಲಿ ಖಡಕ್ ರೊಟ್ಟಿಯ ಮೇಲೆ ಕಣ್ಣು ಬಿದ್ದಿದೆ. ಬೆಂದ ಪಿಷ್ಟ ಆರಿದಾಗ ಅದರ ಒಂದಿಷ್ಟು ಭಾಗ ಮರುಜೋಡಣೆಗೊಂಡು ಸುಲಭವಾಗಿ ಜೀರ್ಣವಾಗದ ರೂಪ ತಾಳುತ್ತದೆ. ಹಾಗಾದರೆ ಒಂದೇ ಹಿಟ್ಟಿನ ಬಿಸಿ ರೊಟ್ಟಿಗೂ ಖಡಕ್ ರೊಟ್ಟಿಗೂ ಗ್ಲುಕೋಮೀಟರ್‌ನಲ್ಲಿ ಅಂತರ ಕಾಣಬೇಕಲ್ಲವೇ? ಒಣಗಿದ್ದು ಹಗುರವಾಗುವುದರಿಂದ ರೊಟ್ಟಿಯನ್ನಲ್ಲ, ಕಲಸುವ ಮೊದಲಿನ ಹಿಟ್ಟನ್ನು ತೂಗಬೇಕು. ಮನೆಯ ಮೀಟರಿಗೆ ಶೇಕಡಾ ಹದಿನೈದರವರೆಗಿನ ಏರುಪೇರನ್ನು ಅಂತರರಾಷ್ಟ್ರೀಯ ಮಾನದಂಡವೇ ಒಪ್ಪುವುದರಿಂದ ಒಂದೆರಡು ಅಳತೆಗಳಿಂದ ಏನನ್ನೂ ಹೇಳಲಾಗದು. ಮೀಟರಿನ ಪರೀಕ್ಷಾ ಪಟ್ಟಿಗಳ ಒಂದು ಡಬ್ಬಿ ತರಿಸಿದ್ದೇನೆ, ಈ ಬಾರಿ ಬೇರೆ ಅಂಗಡಿಯಿಂದ.