ಟಿಕೆಟ್ ಇದ್ದೂ ದಂಡ ಕಟ್ಟಿದೆ: ಜರ್ಮನಿಗೆ ಒಬ್ಬರೇ ಹೊರಟವರಿಗೆ

ಬರ್ಲಿನ್‌ನಲ್ಲಿ ಕೈಯಲ್ಲಿ ಟಿಕೆಟ್ ಹಿಡಿದುಕೊಂಡೇ 60 ಯೂರೋ ದಂಡ ಕಟ್ಟಿದೆ. ಮೊದಲ ದಿನ ಬೆಳಿಗ್ಗೆ ಯಂತ್ರದಲ್ಲಿ ಟಿಕೆಟ್ ಕೊಂಡು ರೈಲು ಹತ್ತಿದ್ದೆ. ಎರಡು ನಿಲ್ದಾಣ ದಾಟುವಷ್ಟರಲ್ಲಿ ಎದುರು ಸೀಟಿನವನು ಎದ್ದು ನಿಂತು ಗುರುತಿನ ಚೀಟಿ ತೋರಿಸಿದ. ಸಮವಸ್ತ್ರವಿಲ್ಲ, ಮಾಮೂಲಿ ಜಾಕೆಟ್. ನನ್ನ ಟಿಕೆಟ್ ತೆಗೆದುಕೊಂಡು ಅದರ ಖಾಲಿ ಜಾಗದ ಮೇಲೆ ಬೆರಳಿಟ್ಟ. ಅಲ್ಲಿ ಮುದ್ರೆ ಇರಲಿಲ್ಲ.

ಅಲ್ಲಿ ಟಿಕೆಟ್ ಕೊಂಡರೆ ಸಾಲದು. ಪ್ಲಾಟ್‌ಫಾರ್ಮ್‌ನಲ್ಲಿರುವ ಕೆಂಪು ಇಲ್ಲವೇ ಹಳದಿ ಪೆಟ್ಟಿಗೆಯ ಸೀಳಿನೊಳಗೆ ತೂರಿಸಿ, ಸಮಯದ ಮುದ್ರೆ ಒತ್ತಿಸಿಕೊಂಡೇ ರೈಲು ಹತ್ತಬೇಕು. ‘ಎಂಟ್‌ವೆರ್ಟೆನ್’ ಎಂಬ ಪದ ಕಂಡರೆ ಮುದ್ರೆ ಹಾಕಿಸಿ ಎಂದರ್ಥ. ಮೊಬೈಲ್‌ನಲ್ಲಿ ಕೊಂಡವರಿಗೆ ಆ ಪೆಟ್ಟಿಗೆಯ ಗೊಡವೆ ಇಲ್ಲ. ಊರಿಗೆ ಹೊಸಬ ಎಂದು ಎಷ್ಟು ಹೇಳಿದರೂ ಆತ ಕೇಳಲಿಲ್ಲ. ಹೋದ ಹಣಕ್ಕಿಂತ, ಬೋಗಿಯಲ್ಲಿದ್ದವರೆಲ್ಲ ನನ್ನನ್ನು ಕಳ್ಳನಂತೆ ನೋಡಿದ್ದು ಈಗಲೂ ಚುಚ್ಚುತ್ತದೆ.

ನಾಲ್ಕೈದು ಊರು ಸುತ್ತುವವರು ಡಾಯ್ಚ್‌ಲಾಂಡ್ ಟಿಕೆಟ್ ಕೊಳ್ಳಿ. 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ನಗರ ಸಾರಿಗೆ, ಪ್ರಾದೇಶಿಕ ರೈಲು ಎಲ್ಲಕ್ಕೂ ನಡೆಯುತ್ತದೆ. ಐಸಿಇಯಂಥ ವೇಗದ ರೈಲುಗಳಿಗೆ ಮಾತ್ರ ನಡೆಯುವುದಿಲ್ಲ. ಅದು ತಿಂಗಳ ಚಂದಾ. ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಕಡಿತವಾಗುತ್ತದೆ.

ಕಲೋನ್‌ನಲ್ಲಿ ರೈಲು ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಕೆಥೆಡ್ರಲ್. ಗೋಪುರಕ್ಕೆ 533 ಮೆಟ್ಟಿಲು, ಸುತ್ತಿ ಸುತ್ತಿ ಏರುವ ಇಕ್ಕಟ್ಟಾದ ಕಲ್ಲಿನ ದಾರಿ. ನೂಕುನುಗ್ಗಲು ನನಗೆ ಆಗುವುದಿಲ್ಲ, ಅರ್ಧಕ್ಕೇ ಉಸಿರು ಕಟ್ಟಿತು. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಇಲ್ಲವೇ ಕೆಳಗೆ ಕುಳಿತು ಬಣ್ಣದ ಗಾಜಿನ ಕಿಟಕಿಗಳನ್ನು ನೋಡಿ.

ಸ್ಟುಟ್‌ಗಾರ್ಟ್ ತಲುಪಿದ್ದು ಭಾನುವಾರ. ಅಂದು ಜರ್ಮನಿಯಲ್ಲಿ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹಣ್ಣು, ಬ್ರೆಡ್ ತೆಗೆದಿಟ್ಟುಕೊಳ್ಳಿ. ಸಸ್ಯಾಹಾರಿಯಾದ ನಾನು ಹಸಿದು ಅಲೆಯುತ್ತಿದ್ದಾಗ ಸಿಕ್ಕಿದ್ದು ನಾಲ್ಕೇ ಮೇಜಿನ ಒಂದು ತುರ್ಕಿ ಖಾನಾವಳಿ. ಗೋಡೆಯ ಪಟ್ಟಿಯಲ್ಲಿ ‘ಮೆರ್ಜಿಮೆಕ್’ ಎಂದಿತ್ತು. ಕೆಂಪು ತೊಗರಿಯಂತೆ ಕಾಣುವ ಮಸೂರ್ ಬೇಳೆಯ ಸೂಪು. ಮಾಂಸದ ಸಾರು ಹಾಕಿದ್ದೀರಾ ಎಂದು ಕೇಳಿದೆ (ನೀವೂ ಕೇಳಿ, ಕೆಲವರು ಹಾಕುತ್ತಾರೆ). ಇಲ್ಲ ಎಂದರು. ಬೆಣ್ಣೆಯಲ್ಲಿ ಬಾಡಿಸಿದ ಮೆಣಸಿನಕಾಯಿ ಚೂರು ಮೇಲೆ ತೇಲುತ್ತಿತ್ತು, ಪಕ್ಕದಲ್ಲಿ ನಿಂಬೆಯ ಹೋಳು. ಹಿಂಡಿ ಒಂದು ಚಮಚ ಬಾಯಿಗಿಟ್ಟರೆ ಮನೆಯ ಬೇಳೆ ಸಾರು! ಬ್ರೆಡ್ ಮುಗಿದದ್ದನ್ನು ಕಂಡು ಅಜ್ಜಿಯೊಬ್ಬರು ಕೇಳದೆಯೇ ಇನ್ನೆರಡು ತುಂಡು ತಂದಿಟ್ಟರು. ಒಟ್ಟು 5 ಯೂರೋ. ಮರುದಿನವೂ ಅಲ್ಲಿಗೇ ಹೋದೆ.

ಅಲ್ಲಿಂದ ಸುಮಾರು ಒಂದು ಗಂಟೆಯ ಪ್ರಾದೇಶಿಕ ರೈಲಿನ ದಾರಿ ಟ್ಯೂಬಿಂಗನ್. 1894ರಲ್ಲಿ ನಮಗೆ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಕಿಟ್ಟೆಲ್ ಕೊನೆಯುಸಿರೆಳೆದ ಊರು ಅದು, 1903ರಲ್ಲಿ. ಪ್ರವಾಸಿಗರ ಗದ್ದಲ ಕಡಿಮೆ. ನೆಕ್ಕರ್ ನದಿಯ ದಂಡೆಯ ಕಲ್ಲುಗೋಡೆಯ ಮೇಲೆ, ಉದ್ದ ಗಳು ಊರಿ ದೋಣಿ ನಡೆಸುವವರನ್ನು ನೋಡುತ್ತಾ ಮಧ್ಯಾಹ್ನವಿಡೀ ಕುಳಿತಿದ್ದೆ. ಬರ್ಲಿನ್‌ನಲ್ಲಿ ಒಂದು ದಿನ ಕಡಿಮೆ ಮಾಡಿಯಾದರೂ ಇಲ್ಲಿಗೆ ಬನ್ನಿ.