ಕೋಲ್ಕತ್ತಕ್ಕೆ ಹೋಗಿ ಸ್ಮಶಾನ ಯಾಕೆ ನೋಡಬೇಕು?

"ಅಷ್ಟು ದೂರ ಹೋಗಿ ಸ್ಮಶಾನ ನೋಡ್ಕೊಂಡು ಬಂದ್ರಾ?" ಕೋಲ್ಕತ್ತದ ಮಾತು ಬಂದಾಗೆಲ್ಲ ಯಾರಾದರೂ ಹೀಗೆ ಕೇಳುತ್ತಾರೆ. ಹೌದು, ನೋಡಿದೆ. ಮತ್ತೆ ಹೋದರೂ ನೋಡುತ್ತೇನೆ. ಅದೂ ನಡೆದುಕೊಂಡೇ ಹೋಗಿ.

ಚೌರಂಗಿ ರಸ್ತೆಯಿಂದ ಪಾರ್ಕ್ ಸ್ಟ್ರೀಟಿಗೆ ತಿರುಗಿದರೆ ಮೊದಲು ಸಿಗುವುದೇ ಏಷ್ಯಾಟಿಕ್ ಸೊಸೈಟಿ, ಏಷ್ಯಾದ ಭಾಷೆ, ಇತಿಹಾಸಗಳ ಅಧ್ಯಯನದ ಸಂಸ್ಥೆ. 1784ರಲ್ಲಿ ಅದನ್ನು ಶುರು ಮಾಡಿದವರು ನ್ಯಾಯಾಧೀಶ ವಿಲಿಯಂ ಜೋನ್ಸ್. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರಕ್ಕೂ ಬೇರು ಒಂದೇ ಇರಬೇಕು ಎಂದು 1786ರಲ್ಲಿ ಹೇಳಿದವರು ಅವರೇ. ಅದೇ ರಸ್ತೆಯಲ್ಲಿ ನೇರ ನಡೆಯುತ್ತಾ ಹೋಗಿ. ಹೋಟೆಲು, ಬೇಕರಿ, ಪುಸ್ತಕದಂಗಡಿ, ಜನವೋ ಜನ. ಅರ್ಧ ಗಂಟೆಯೊಳಗೆ ಜೋನ್ಸ್ ಅವರ ಸಮಾಧಿ ಇರುವ ಜಾಗ ಬಂದುಬಿಡುತ್ತದೆ. ಒಬ್ಬ ಮನುಷ್ಯನ ಕೆಲಸದಿಂದ ಅವನ ಸಾವಿನವರೆಗೆ ಕಾಲ್ನಡಿಗೆಯ ದಾರಿ! ಈ ರಸ್ತೆಯ ಹಳೆಯ ಹೆಸರೇ ಬರಿಯಲ್ ಗ್ರೌಂಡ್ ರೋಡ್, ಅಂದರೆ ಸ್ಮಶಾನದ ರಸ್ತೆ. ಕಾರಿನಲ್ಲಿ ಹೋದರೆ ಇದ್ಯಾವುದೂ ಮನಸ್ಸಿಗೆ ತಟ್ಟುವುದಿಲ್ಲ.

ಆ ಜಾಗವೇ ಇಂಗ್ಲಿಷರ ಕಾಲದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನ. ಶುರುವಾದದ್ದು 1767ರಲ್ಲಿ. ಗೇಟು ದಾಟಿ ನಾಲ್ಕು ಹೆಜ್ಜೆ ಹಾಕಿದರೆ ಹಾರ್ನ್ ಸದ್ದು ತಗ್ಗುತ್ತದೆ. ಮರಗಳ ನೆರಳಲ್ಲಿ ಪಾಚಿ ಹಿಡಿದ ಗೋರಿಗಳು. ಮನೆಯಷ್ಟು ಎತ್ತರದ ಪಿರಮಿಡ್‌ಗಳು, ಗುಮ್ಮಟಗಳು, ಕಂಬದ ಮಂಟಪಗಳು. ಚಾರ್ಲ್ಸ್ ಸ್ಟುವರ್ಟ್ ಎಂಬ ಸೇನಾಧಿಕಾರಿಯ ಗೋರಿಯಂತೂ ಗುಡಿಯ ಹಾಗಿದೆ. ದಿನಾ ಗಂಗೆಯಲ್ಲಿ ಮಿಂದು ಬರುತ್ತಿದ್ದನಂತೆ. ಜನ 'ಹಿಂದೂ ಸ್ಟುವರ್ಟ್' ಅಂತಲೇ ಕರೆಯುತ್ತಿದ್ದರು.

ಮೊದಲ ಸಲ ಹೋದಾಗ ಈ ಕಟ್ಟಡಗಳನ್ನೇ ನೋಡಿ ಬಂದಿದ್ದೆ. ಎರಡನೇ ಸಲ ಕಲ್ಲುಗಳ ಮೇಲಿನ ವಯಸ್ಸು ಓದತೊಡಗಿದೆ. ಆಮೇಲೆ ಬೇಗ ಹೊರಡಲು ಆಗಲಿಲ್ಲ. ಜೋನ್ಸ್ ತೀರಿಕೊಂಡಾಗ 47 ವರ್ಷ. ಕವಿಯೂ ಮೇಷ್ಟ್ರೂ ಆಗಿದ್ದ ಡೆರೋಜಿಯೊಗೆ 22. ರೋಸ್ ಏಲ್ಮರ್ ಎಂಬ ಹುಡುಗಿಗೆ 20. ಹಸುಗೂಸುಗಳ ಹೆಸರೂ ಇವೆ. ಇಲ್ಲಿಗೆ ಬಂದವರ ಆಯಸ್ಸು ಎರಡು ಮಳೆಗಾಲ ಎಂಬ ಮಾತೇ ಆಗಿನ ಇಂಗ್ಲಿಷರಲ್ಲಿತ್ತು. ಜ್ವರ ಎಲ್ಲಿಂದ ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಸೊಳ್ಳೆಯಿಂದ ಹಕ್ಕಿಗಳಿಗೆ ಮಲೇರಿಯಾ ಹರಡುವುದನ್ನು ವೈದ್ಯ ರೊನಾಲ್ಡ್ ರಾಸ್ ಇದೇ ಊರಿನಲ್ಲಿ ತೋರಿಸಿಕೊಟ್ಟದ್ದು 1898ರಲ್ಲಿ. ಅಷ್ಟರೊಳಗೆ ಈ ಮಕ್ಕಳು ಮಣ್ಣಾಗಿ ಎಷ್ಟೋ ಕಾಲವಾಗಿತ್ತು. ಪರದೇಶದಲ್ಲಿ ಮಗುವನ್ನು ಹೂತು ಮನೆಗೆ ಮರಳಿದ ತಾಯಿಯ ಬಗ್ಗೆ ಯೋಚಿಸಿದರೆ ಈಗಲೂ ಗಂಟಲು ಕಟ್ಟುತ್ತದೆ.

ಆದರೆ ನಾನು ಮತ್ತೆ ಮತ್ತೆ ಹೋಗುವುದು ಇನ್ನೊಂದು ಕಾರಣಕ್ಕೆ. ಈ ಸ್ಮಶಾನ ತೆರೆದ ಮೂರನೇ ವರ್ಷ, 1770ರಲ್ಲಿ, ಬಂಗಾಳದಲ್ಲಿ ಭೀಕರ ಬರ ಬಂತು. ಜನ ಹಸಿದು ಸಾಯುತ್ತಿದ್ದರೂ ಈಸ್ಟ್ ಇಂಡಿಯಾ ಕಂಪನಿ ಕಂದಾಯ ವಸೂಲಿ ನಿಲ್ಲಿಸಲಿಲ್ಲ. ಸತ್ತವರು ಲಕ್ಷಾಂತರ. ಅವರಲ್ಲೂ 20ರ ಹುಡುಗಿಯರಿದ್ದರು, ಹಸುಗೂಸುಗಳಿದ್ದವು ಅಲ್ವಾ? ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಈ ಎತ್ತರದ ಗೋರಿಗಳ ನಡುವೆ ನಿಂತಾಗಲೇ ನನಗೆ ಆ ಲೆಕ್ಕ ನಿಜವಾಗಿ ಅರ್ಥವಾದದ್ದು. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ, ಓದಿ ಸುಮ್ನೆ ಪುಟ ತಿರುಗಿಸಿದ್ದೆ. ಇಲ್ಲಿ ಹಾಗೆ ದಾಟಿಕೊಂಡು ಹೋಗಲು ಕಾಲು ಬರಲಿಲ್ಲ.

ನೀವೂ ಹೋಗುವುದಾದರೆ ಚಳಿಗಾಲದಲ್ಲಿ ಹೋಗಿ, ಬೆಳಿಗ್ಗೆಯೇ ಹೊರಡಿ. ಒಂದೆರಡು ಕಲ್ಲುಗಳನ್ನಾದರೂ ಪೂರ್ತಿ ಓದಿ. ತುಂಬು ತೋಳಿನ ಬಟ್ಟೆ ಹಾಕಿಕೊಳ್ಳಿ, ಒಳಗೆ ಸೊಳ್ಳೆ ಈಗಲೂ ಜಾಸ್ತಿ.